ಪೊಮೇರಿಯನ್‌ಗೆ ಹೇಳಿದ ಕೆಮಿಸ್ಟ್ರಿ ಪಾಠ

ನಾಯಿ ಹಿಡಿಯುವುದೂ ಒಂದು ವಿದ್ಯೆ. ತೊಂಬತ್ತರ ದಶಕದಲ್ಲಿ ಅದನ್ನು ಕಲಿಸುವ ಕೋರ್ಸ್ ಇದೆಯೆಂದು ನಮ್ಮ ಶ್ರೀರಾಂಪುರದಲ್ಲಿ ಯಾರೂ ಕೇಳಿರಲಿಲ್ಲ. ನಾನು ಮಲ್ಲೇಶ್ವರದ ಒಬ್ಬ ಪಶುವೈದ್ಯರ ಕ್ಲಿನಿಕ್ಕಿಗೆ ಸಂಜೆಯ ಸಹಾಯಕಿಯಾಗಿ ಸೇರಿದಾಗ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ಅಮ್ಮ ಊದುಬತ್ತಿ ಹೊಸೆಯುತ್ತಿದ್ದಳು. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೊಬ್ಬಳೇ.

ಕೆಲಸ ಕಲಿಸಿದವರು ಡಾಕ್ಟರೇ. ಸೂಜಿ ಚುಚ್ಚುವಾಗ, ಡ್ರಿಪ್ ಹಾಕುವಾಗ ಒಂದು ತೋಳು ನಾಯಿಯ ಕುತ್ತಿಗೆಯ ಕೆಳಗೆ, ಇನ್ನೊಂದು ಬೆನ್ನ ಮೇಲಿಂದ, ಮೈಗೆ ಒತ್ತಿ ಹಿಡಿಯಬೇಕು. "ಬಾಯಿ ಮಾತ್ರ ಮುಚ್ಬೇಡಮ್ಮ. ಮೆಲ್ಲಗೆ ಏನಾದ್ರೂ ಮಾತಾಡ್ತಾನೇ ಇರು. ದನಿ ನಿಂತ್ರೆ ಅದು ಹೆದರ್ಕೊಳ್ಳುತ್ತೆ," ಎನ್ನುತ್ತಿದ್ದರು. ಮನೆಯವರು ಎದುರಿಗಿದ್ದರೆ ನಾಯಿ ಇನ್ನೂ ಒದ್ದಾಡುತ್ತದೆಂದು ಅವರನ್ನು ಪರದೆಯ ಆಚೆ ಬೆಂಚಿನ ಮೇಲೆ ಕೂರಿಸುತ್ತಿದ್ದೆವು.

ಡ್ರಿಪ್ ಮುಗಿಯುವ ತನಕ ಏನು ಮಾತಾಡುವುದು? ನನಗೆ ಮಾತಿನ ಅಭ್ಯಾಸವೇ ತಪ್ಪಿಹೋಗಿತ್ತು. ಕಾಲೇಜಿನವರಿಗೆ ನಾನು ಡೆಟಾಲ್ ವಾಸನೆಯವಳು, ಬೀದಿಯವರಿಗೆ ಇಂಗ್ಲಿಷ್ ಪುಸ್ತಕದವಳು. ಎರಡೂ ಕಡೆ ಸ್ನೇಹಿತರಿರಲಿಲ್ಲ. ಹಾಗಾಗಿ ಮರುದಿನದ ನೋಟ್ಸನ್ನೇ ನಾಯಿಗಳಿಗೆ ಒಪ್ಪಿಸತೊಡಗಿದೆ. ಅವು ಕೇಳಿಸಿಕೊಂಡವು.

ಕೊನೆಯ ವರ್ಷ ಕೆಮಿಸ್ಟ್ರಿಯಲ್ಲಿ ಫೇಲಾದೆ. ಪ್ರಾಣಿಗಳ ರಕ್ತ, ಮಲ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಖಾಲಿಯಿತ್ತು. ಡಿಗ್ರಿ ಇದ್ದವರು ಮಾತ್ರ ಅರ್ಜಿ ಹಾಕಬಹುದಿತ್ತು. ಆ ಒಂದು ವಿಷಯ ಪಾಸಾಗದಿದ್ದರೆ ನಾನು ಜೀವನವಿಡೀ ಪರದೆಯ ಹಿಂದೆಯೇ.

ಆಗ ವೈಯಾಲಿಕಾವಲ್‌ನಿಂದ ಒಂದು ಮುದಿ ಪೊಮೇರಿಯನ್ ಬರತೊಡಗಿತು. ಅದಕ್ಕೆ ಕಿಡ್ನಿ ಕೆಟ್ಟಿತ್ತು, ದಿನ ಬಿಟ್ಟು ದಿನ ಡ್ರಿಪ್. ಕರೆತರುತ್ತಿದ್ದವರು ನಿವೃತ್ತ ಟೀಚರ್. ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಅದರ ಕಿವಿಯ ಹತ್ತಿರ, "ಫೀನಾಲ್ ಆಲ್ಕೋಹಾಲಿಗಿಂತ ವೀಕ್ ಆಸಿಡ್," ಎಂದೆ.

"ಸ್ಟ್ರಾಂಗ್ ಆಸಿಡ್ ಕಣೇ!" ಪರದೆಯಾಚೆಯಿಂದ ದನಿ ಬಂತು. "ವಯಸ್ಸಾದ ನಾಯಿಗೆ ತಪ್ಪು ಪಾಠ ಹೇಳ್ಕೊಡ್ತೀಯಲ್ಲ, ಪಾಪ ಬರಲ್ವಾ ನಿನಗೆ?"

ಡಾಕ್ಟರ್ ನಕ್ಕುಬಿಟ್ಟರು. ನಾನೂ ನಕ್ಕೆ. ಅವರು ಕೆಮಿಸ್ಟ್ರಿ ಮಿಸ್ ಆಗಿದ್ದವರಂತೆ. ಅಂದಿನಿಂದ ಎರಡು ತಿಂಗಳು ಮಿಸ್ ಬೆಂಚಿನಿಂದಲೇ ಪಾಠ ಮಾಡಿದರು. ನಾನು ನಾಯಿಗೆ ಒಪ್ಪಿಸುವುದು, ಅವರು ಆಚೆಯಿಂದ ತಿದ್ದುವುದು. ಮುಖಾಮುಖಿ ನಾವು ಮಾತಾಡಿದ್ದು ಕಡಿಮೆ. ಆದರೂ ನಾನು ಓದುತ್ತಿದ್ದೇನೆಂದು ಇನ್ನೊಬ್ಬರಿಗೆ ಗೊತ್ತಿರುವುದು ಎಂಥ ಸುಖವೆಂದು ಆಗಲೇ ತಿಳಿದದ್ದು.

ಕೆಮಿಸ್ಟ್ರಿ ಮರುಪರೀಕ್ಷೆಗೆ ಹತ್ತು ದಿನ ಇದ್ದಾಗ ನಾಯಿ ಏಳದಾಯಿತು. ಇಂಜೆಕ್ಷನ್ ಕೊಟ್ಟು ನೋವಿಲ್ಲದಂತೆ ಕಳಿಸಿಕೊಡುವುದೊಂದೇ ದಾರಿ ಎಂದರು ಡಾಕ್ಟರ್. "ನೀನೇ ಹಿಡ್ಕೋಮ್ಮ. ನನ್ನ ಕೈಲಾಗಲ್ಲ," ಎಂದು ಮಿಸ್ ಹೊರಗೆ ಕೂತರು. ನಾನು ಹಿಡಿದುಕೊಂಡೆ. ಮಾತಾಡಬೇಕಿತ್ತು, ಬೇರೆ ಏನೂ ಬಾಯಿಗೆ ಬರಲಿಲ್ಲ. ಅಭ್ಯಾಸಬಲದಿಂದ ಫೀನಾಲ್ ಪಾಠವನ್ನೇ ಹೇಳುತ್ತ ಹೋದೆ. ಈ ಸಲ ಆಚೆಯಿಂದ ಯಾರೂ ತಿದ್ದಲಿಲ್ಲ. ನನ್ನ ಕೈಯಲ್ಲಿ ಅದರ ಭಾರ ಬದಲಾಯಿತು.

ಪಾಸಾದೆ. ಮಾರ್ಕ್ಸ್ ಕಾರ್ಡ್ ಬಂದಾಗ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು, "ಇದರಲ್ಲಿ ಏನಂತ ಬರ್ದವ್ರೆ?" ಎಂದು ಕೇಳಿದಳು. "ಪಾಸು" ಎಂದೆ. ಸಂತೋಷಪಟ್ಟಳು. ನನಗೆ ಅದನ್ನು ಓದಬಲ್ಲ ಒಬ್ಬರು ಬೇಕಿತ್ತು. ಕ್ಲಿನಿಕ್ಕಿನ ರಿಜಿಸ್ಟರಿನಿಂದ ವಿಳಾಸ ಬರೆದುಕೊಂಡು ವೈಯಾಲಿಕಾವಲ್‌ಗೆ ನಡೆದೆ.

ಮಿಸ್ ಬಂದರು, ಗ್ರಿಲ್ ಬಾಗಿಲು ತೆಗೆಯಲಿಲ್ಲ. ದೊಡ್ಡ ಮನೆಗಳ ಹೊರಗೆ ನಿಂತೇ ಬೆಳೆದವಳು ನಾನು. ಇವರೂ ಅಷ್ಟೇ ಅಂದುಕೊಂಡೆ. ಕಾರ್ಡನ್ನು ಕಂಬಿಗಳ ನಡುವೆ ಚಾಚಿದೆ. ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಪೂರ್ತಿ ಓದಿದರು.

"ಫೀನಾಲ್ ಬಂದಿತ್ತಾ?"

"ಬಂದಿತ್ತು ಮಿಸ್. ಸ್ಟ್ರಾಂಗ್ ಅಂತಲೇ ಬರೆದೆ."

ಅವರ ಮುಖ ಕದಡಿತು. "ಒಳಗೆ ಕರೀಲಿಲ್ಲ ಅಂತ ಬೇಜಾರು ಮಾಡ್ಕೋಬೇಡಮ್ಮ. ನಿನ್ನ ದನಿ ಕೇಳಿದ್ರೆ ನಾನು ಮತ್ತೆ ಆ ಕೊನೇ ದಿನ ಬೆಂಚಿನ ಮೇಲೆ ಕೂತ ಹಾಗಾಗುತ್ತೆ. ಚೆನ್ನಾಗಿ ಓದಿದ್ದೀಯ. ಇನ್ನು ಬರಬೇಡ." ಕಾರ್ಡನ್ನು ಮಡಿಕೆ ಬೀಳದಂತೆ ವಾಪಸು ಕೊಟ್ಟು, ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಪ್ರಯೋಗಾಲಯದ ಕೆಲಸ ಆಮೇಲೆ ಸಿಕ್ಕಿತು. ಅದು ನಾನು ಗಳಿಸಿದ್ದು. ಇಂದಿಗೂ ತಲೆಯೆತ್ತಿ ಹೇಳುತ್ತೇನೆ. ಆದರೆ ಮಿಸ್ ಮನೆಯಿಂದ ಹೊರಟ ಆ ಸಂಜೆ ಸಂಪಿಗೆ ರಸ್ತೆಯ ಜನಜಂಗುಳಿ ದಾಟಿ ಸೀದಾ ಕ್ಲಿನಿಕ್ಕಿಗೇ ಹೋದೆ. ಯಾರದೋ ಕಂದು ನಾಯಿಗೆ ಡ್ರಿಪ್ ಹಾಕುತ್ತಿದ್ದರು. ತೋಳು ಬಳಸಿ ಹಿಡಿದೆ. ಓದು ಮುಗಿದಿತ್ತು. ಒಪ್ಪಿಸಲು ಏನೂ ಉಳಿದಿರಲಿಲ್ಲ.

"ಯಾಕಮ್ಮ ಸುಮ್ಮನಾಗ್ಬಿಟ್ಟೆ? ಅಲ್ಲಾಡ್ತಿದೆ ನೋಡು. ಮಾತಾಡು," ಎಂದರು ಡಾಕ್ಟರ್.

ಅದರ ಕಿವಿಗೆ ಬಾಯಿಟ್ಟು ನನ್ನ ಮಾರ್ಕ್ಸ್ ಹೇಳತೊಡಗಿದೆ, ಒಂದೊಂದೇ ವಿಷಯ, ಮೆಲ್ಲಗೆ.