ಮಾವ ಹಾಕಿಕೊಟ್ಟ ಬ್ರೇಕ್ ಸ್ವಿಚ್ಚು

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿನಲ್ಲಿ ಕೂತ ಗ್ರೀಸಿನ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಚೆನ್ನೈನ ವೇಲಚೇರಿಯಲ್ಲಿ ಅವರದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ಬ್ರೇಕ್ ಲೈಟಿನ ಸ್ವಿಚ್ಚು ಕೇಳಿ ಯಾರಾದರೂ ಬಂದರೆ ಅದನ್ನು ಬ್ಯಾಟರಿಗೆ ಸೇರಿಸಿ, ಅದೇ ಬೆರಳಿನಿಂದ ಎಳೆದು ತೋರಿಸುತ್ತಿದ್ದರು. ಪುಟ್ಟ ಬಲ್ಬು ಹತ್ತುತ್ತಿತ್ತು. "ಪಾತ್ತೀಂಗಳಾ ಸಾರ್?", ನೋಡಿದಿರಾ ಎಂದರೆ ಗಿರಾಕಿಗೆ ಸಮಾಧಾನ. ಅಂಗಡಿಯ ಮೇಜಿನ ಮೇಲೆ ಯಾವ ಲೋಕಲ್ ಸ್ವಿಚ್ಚು ದೀಪ ಹತ್ತಿಸುವುದಿಲ್ಲ ಹೇಳಿ? ಎರಡು ಮಳೆ ಕಂಡ ಮೇಲೆ ಹಿಂದಿನ ಕೆಂಪು ದೀಪ ಹತ್ತುತ್ತದೋ ಇಲ್ಲವೋ, ಓಡಿಸುವವನಿಗೆ ಕಾಣುವುದೇ ಇಲ್ಲ.

ಅಮ್ಮನ ಹಿಂದೆಯೇ ಅಪ್ಪನೂ ತೀರಿಕೊಂಡಾಗ ಮಂಡ್ಯದಿಂದ ನನ್ನನ್ನೂ ತಮ್ಮನನ್ನೂ ಚೆನ್ನೈಗೆ ಕರೆತಂದು ಸಾಕಿದವರು ಈ ಮಾವನೇ. ಬಿಸಿ ಮುದ್ದೆಯನ್ನು ಮುರಿದು ನನ್ನ ತಟ್ಟೆಗೆ ಹಾಕಿ, "ತಿನ್ನು ಮಗಾ, ಇಡ್ಲಿ ತಿಂದೂ ತಿಂದೂ ನೀನೂ ಹಂಗೇ ಬೆಳ್ಳಗಾಗೋಯ್ತೀಯ" ಎನ್ನುತ್ತಿದ್ದರು. ಭಾನುವಾರ ಬೆಸೆಂಟ್ ನಗರದ ಕಡಲಿಗೆ ಹೋದರೆ ತಮ್ಮ ಅವರ ಹೆಗಲಿನಿಂದ ಇಳಿಯುತ್ತಿರಲಿಲ್ಲ. ಒಳ್ಳೆಯವರಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದೇ ನನ್ನ ಸಂಕಟ.

ತಮ್ಮ ಕೆಲಸಕ್ಕೆ ಸೇರಿ ಬೈಕು ಕೊಂಡ. ಒಂದು ಮಳೆಗಾಲ ವೇಲಚೇರಿಯ ನೀರಿನಲ್ಲಿ ನಿಂತು ಅದರ ಬ್ರೇಕ್ ಸ್ವಿಚ್ಚು ಕೆಟ್ಟಿತು.

"ಕಂಪನೀದೇ ಹಾಕ್ಸ್‌ಬಿಡ್ಲಾ ಮಾವ?" ಎಂದು ಕೇಳಿದ.

"ಡಬ್ಬ ಬ್ಯಾರೆ, ಮಾಲು ಒಂದೇ ಕಣ್ಲಾ. ಬ್ರೇಕು ನಿಂಗೆ, ಲೈಟು ಹಿಂದ್ಗಡೆಯೋನ್ಗೆ. ನೀನು ಬ್ರೇಕ್ ನೋಡ್ಕೋ ಸಾಕು" ಎಂದು ನಕ್ಕು, ಅಂಗಡಿಯ ಸ್ವಿಚ್ಚನ್ನೇ ತಾವೇ ಕೂತು ಹಾಕಿಕೊಟ್ಟರು.

ಮುಂದಿನ ಮಳೆಗಾಲದ ಒಂದು ಸಂಜೆ ಮುಂದಿದ್ದ ಬಸ್ಸು ನಿಂತಿತು, ತಮ್ಮ ಬ್ರೇಕ್ ಹಾಕಿದ. ಹಿಂದಿದ್ದ ಸರಕಿನ ವ್ಯಾನು ನಿಲ್ಲಲಿಲ್ಲ. ಅದರ ಮೂತಿ ಬೈಕಿನ ಒಂದು ಮಗ್ಗುಲಿಗೆ ತಾಗಿತು. ಬೈಕಿಗೆ ಹೆಚ್ಚೇನೂ ಆಗಲಿಲ್ಲ. ತಮ್ಮ ರಸ್ತೆಗೆ ಬಿದ್ದು ಅಲ್ಲೇ ಹೋದ.

ವ್ಯಾನಿನ ಡ್ರೈವರ್ ಠಾಣೆಯಲ್ಲಿ ಕೈಮುಗಿದು, "ಲೈಟೇ ಎರಿಯಲಮ್ಮಾ" ಎಂದು ಅಳುತ್ತಿದ್ದ, ಕೆಂಪು ದೀಪ ಹತ್ತಲೇ ಇಲ್ಲವೆಂದು. ಮಾವ ಅವನ ಅಂಗಿ ಹಿಡಿದು ಎಳೆದಾಡಿದರು. ಮರುದಿನ ತಪಾಸಣೆಗೆ ಬಂದವರು ಬ್ರೇಕ್ ಒತ್ತಿದರೆ ದೀಪ ಝಗ್ಗನೆ ಹತ್ತಿತು. ಡ್ರೈವರ್ ಜೈಲಿಗೆ ಹೋದ.

ತಿಥಿಯ ಊಟಕ್ಕೆ ಮಾವ ನನ್ನ ಪಕ್ಕದ ಎಲೆಗೆ ಕೂತರು. ದೊಡ್ಡ ಉಪಕಾರ ಮಾಡಿದವರ ಹಾಗೆ ಪಿಸುಗುಟ್ಟಿದರು: "ಗಾಡಿ ಸ್ಟೇಷನ್ ಹೊರ್ಗಡೆ ನಿಂತಿತ್ತಲ್ಲ, ಅವತ್ತೇ ಹೋಗಿ ಕಂಪನಿ ಸ್ವಿಚ್ಚು ಹಾಕ್ಬುಟ್ಟು ಬಂದೆ ಮಗಾ. ಇಲ್ದಿದ್ರೆ ನಮ್ಮುಡ್ಗಂದೇ ತಪ್ಪು ಅಂದ್ಬುಡೋರು."

"ಅದನ್ನ ಮೊದಲೇ ಯಾಕೆ ಹಾಕ್ಲಿಲ್ಲ ಮಾವ?"

"ಉಣ್ಣು ಮಗಾ, ಅನ್ನ ಆರೋಯ್ತದೆ" ಎಂದರು.

ನಾನು ಎಲೆ ಬಿಟ್ಟು ಎದ್ದೆ. ಮರುದಿನ ಡ್ರೈವರಿನ ವಕೀಲರನ್ನು ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಡ್ರೈವರ್ ಬಿಡುಗಡೆಯಾದ, ಮಾವ ಕೋರ್ಟಿಗೆ ಅಲೆದರು, ನೆಂಟರ ಪಾಲಿಗೆ ನಾನು ಸತ್ತೆ. ಮಾವ ಮಾತ್ರ ಒಂದು ಬೈಗುಳವನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ಅವರ ಬಾಯಿಗೆ ಅಕ್ಕಿಕಾಳು ಹಾಕಲು ಬಾಗಿದಾಗ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು. "ಉಂಡ ಮನೆ ಜಂತೆ ಎಣಿಸ್ದೋಳು ನೀನು. ನಿನ್ನ ಅಕ್ಕಿ ಬ್ಯಾಡ."

ಅಕ್ಕಿಯನ್ನು ಮುಷ್ಟಿಯಲ್ಲೇ ಹಿಡಿದು ಬೀದಿಗೆ ಬಂದೆ. ಸಾಕಿದ್ದು ಅವರೇ, ಇಲ್ಲವೆಂದು ನಾನು ಎಂದೂ ಹೇಳಿಲ್ಲ. ತಮ್ಮನಿಗೆ ಒಂದು ಒಳ್ಳೆಯ ಸ್ವಿಚ್ಚು ಹಾಕಿಕೊಟ್ಟಿದ್ದರೆ ಸಾಕಿತ್ತು, ಆ ದಿನ ಅವರ ಕಾಲ ಬಳಿ ನಾವಿಬ್ಬರೂ ಕೂತು ಅಳುತ್ತಿದ್ದೆವು.