ಮಿಕೊನೊಸ್‌ನಲ್ಲಿ ಹುಣ್ಣಿಮೆ ಸ್ನಾನ

…ಅಥವಾ ಆ ವಿಡಿಯೋದಲ್ಲಿ ಮೇಜಿನ ಮೇಲೆ ಯಾರೂ ಕುಣಿಯುತ್ತಲೇ ಇರಲಿಲ್ಲವೇನೋ. ಮೇಜುಗಳನ್ನು ನಾನು ಆಮೇಲೆ ತಂದು ಹಾಕಿರಬಹುದು. ಸಿಂಗಪುರದ ಒನ್-ನಾರ್ತ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಟೀಮಿನ ಹುಡುಗಿಯೊಬ್ಬಳು ತನ್ನ ಫೋನ್ ತೋರಿಸಿದ್ದು ಮಾತ್ರ ನಿಜ. ಗ್ರೀಸಿನ ಮಿಕೊನೊಸ್ ಎಂಬ ದ್ವೀಪ, ಅಲ್ಲೊಂದು ಬೀಚು. ಮಧ್ಯಾಹ್ನ ನಾಲ್ಕಕ್ಕೆ ಹಾಡು ಶುರುವಾದರೆ ಆಮೇಲೆ ಯಾರೂ ಕೂತಿರುವುದಿಲ್ಲ ಎಂದಳು. ಆಗ ನನ್ನ ಕೈಯಲ್ಲಿದ್ದದ್ದು ಕಾಫಿಯೋ ಟೀಯೋ ಹೇಳಲಾರೆ. ಆಸೆ ಮಾತ್ರ ಚೆನ್ನಾಗಿ ನೆನಪಿದೆ. ಆ ಮರಳಿನ ಮೇಲೆ ಒಂದೇ ಒಂದು ಸಂಜೆ, ಯಾರ ಅಮ್ಮನೂ ಅಲ್ಲದೆ ಯಾರ ಸೊಸೆಯೂ ಅಲ್ಲದೆ ಕುಣಿಯಬೇಕು. ನನಗೆ ಕುಣಿಯಲು ಬರುವುದಿಲ್ಲ. ಅದು ಬೇರೆ ವಿಷಯ.

ಪ್ಲಾನ್ ಸರಳವಾಗಿತ್ತು. ಹೋಗುವವರು ನಾನು ಮತ್ತು ಗಂಡ. ಎಂಟು ವರ್ಷದ ಮಗಳು ಚೋವಾ ಚು ಕಾಂಗ್‌ನ ಮನೆಯಲ್ಲಿ ಅಜ್ಜಿಯ ಜೊತೆ ಇರುವುದು. ಅಜ್ಜಿ ಎಂದರೆ ನನ್ನ ಅತ್ತೆ. ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇದ್ದವರು. ಲಿಫ್ಟಿನಲ್ಲಿ ಸಿಗುವ ಚೀನೀ ಆಂಟಿಯ ಜೊತೆ ಕನ್ನಡದಲ್ಲೇ ಹವಾಮಾನ ಮಾತಾಡಿ, ಉತ್ತರವನ್ನೂ ಪಡೆದು ಬರುತ್ತಿದ್ದವರು. ಅವರು ಮನೆಯಲ್ಲಿದ್ದರೆ ಮಾತ್ರ ನಾವು ಹೋಗಬಹುದು. ಅವರೇ ಹೊರಟರೆ ಮಗಳೂ ಹೊರಡುತ್ತಾಳೆ, ಮಗಳ ಹಿಂದೆ ಕುಕ್ಕರೂ ಹೊರಡುತ್ತದೆ.

“ಎಲ್ಲಿಗೆ ಹೋಗೋದು?” ಎಂದರು ಅತ್ತೆ.

“ಗ್ರೀಸ್ ಅಂತ ಅತ್ತೆ. ಒಂದು ದ್ವೀಪ.”

“ಇದೂ ದ್ವೀಪಾನೇ ಅಲ್ವೇನೇ?”

“ಅಲ್ಲಿ ಬೀಚ್ ಚೆನ್ನಾಗಿದೆಯಂತೆ.”

“ಸ್ನಾನ ಮಾಡಬಹುದಾ ಅಲ್ಲಿ, ಸಮುದ್ರದಲ್ಲಿ?”

“ಎಲ್ಲಾರೂ ಅದಕ್ಕೇ ಹೋಗೋದಮ್ಮ,” ಎಂದ ಗಂಡ. ಅವನು ಅಷ್ಟು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಈ ಮಾತು ತಾನು ಆಡಿಯೇ ಇಲ್ಲ ಎಂದು ಇವತ್ತಿಗೂ ವಾದಿಸುತ್ತಾನೆ.

ಅತ್ತೆ ಜೀವನದಲ್ಲಿ ಸಮುದ್ರಸ್ನಾನ ಮಾಡಿರಲಿಲ್ಲ. ಸಮುದ್ರವನ್ನು ಕಂಡಾಗಲೆಲ್ಲ ಮುಟ್ಟುವ ಹಾಗಿಲ್ಲ. ಹುಣ್ಣಿಮೆ, ಅಮಾವಾಸ್ಯೆ, ಗ್ರಹಣ, ಇಂಥ ಪರ್ವದ ದಿನಗಳಲ್ಲಿ ಮಾತ್ರ. ಉಳಿದ ದಿನ ದೂರದಿಂದ ಕೈಮುಗಿಯಬೇಕು. ಅವರು ಸಮುದ್ರದ ಹತ್ತಿರ ಹೋದಾಗಲೆಲ್ಲ ತಿಥಿ ತಪ್ಪಿರುತ್ತಿತ್ತು, ತಿಥಿ ಸರಿ ಇದ್ದಾಗ ಸಮುದ್ರ ದೂರ ಇರುತ್ತಿತ್ತು. ಸಿಂಗಪುರದಲ್ಲಿ ಸುತ್ತಲೂ ಸಮುದ್ರವೇ. ಒಂದು ಅಮಾವಾಸ್ಯೆಗೆ ಈಸ್ಟ್ ಕೋಸ್ಟ್ ಬೀಚಿಗೆ ಕರೆದುಕೊಂಡು ಹೋಗಿದ್ದೆವು. ಅವರು ದಡದಲ್ಲಿ ನಿಂತು, ಸಾಲಾಗಿ ಲಂಗರು ಹಾಕಿದ್ದ ಹಡಗುಗಳನ್ನು ನೋಡಿ, ಸೀರೆಯ ನೆರಿಗೆಯನ್ನು ಕೆಳಗೆ ಬಿಟ್ಟರು.

“ಇದು ಹಡಗಿನ ಪಾರ್ಕಿಂಗ್ ಕಣೋ. ಪಾರ್ಕಿಂಗಲ್ಲಿ ಯಾರಾದ್ರೂ ಸ್ನಾನ ಮಾಡ್ತಾರಾ?”

ಹೀಗಿದ್ದ ಅತ್ತೆ ಈಗ, “ಹಾಗಾದ್ರೆ ನಾನೂ ಬರ್ತೀನಿ,” ಎಂದರು.

ನಾನು ಜೀವನದಲ್ಲಿ ಮೊದಲ ಬಾರಿಗೆ ನಾನಾಗಿಯೇ ಪಂಚಾಂಗ ತೆಗೆದು ನೋಡಿದ್ದು ಆಗ. ಫೋನಿನಲ್ಲಿ, ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡು. ನಾವು ಬುಕ್ ಮಾಡಿದ ದಿನಗಳು ಷಷ್ಠಿಯಿಂದ ಶುರುವಾಗಿ ದಶಮಿಗೆ ಮುಗಿಯುತ್ತಿದ್ದವು. ಒಂದೂ ಪರ್ವವಿಲ್ಲ. ಇಷ್ಟು ಭಕ್ತಿಯಿಂದ ನಾನು ಯಾವ ತಿಥಿಗೂ ಕೈಮುಗಿದಿರಲಿಲ್ಲ.

“ಅಯ್ಯೋ ಅತ್ತೆ, ನಾವಿರೋಷ್ಟು ದಿನಾನೂ ಪರ್ವ ಇಲ್ವಲ್ಲ,” ಎಂದೆ ಊಟಕ್ಕೆ ಬಡಿಸುತ್ತ. ದನಿಯಲ್ಲಿ ಎಷ್ಟು ದುಃಖ ಹಾಕಿದ್ದೆ ಎಂದರೆ ಗಂಡ ತಲೆಯೆತ್ತಿ ನೋಡಿದ.

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. “ಒಂದು ವಾರ ಮುಂದಕ್ಕೆ ಹಾಕು. ಹುಣ್ಣಿಮೆ ಸಿಗುತ್ತೆ.”

“ಆದ್ರೆ ಅದು ಮೈಸೂರಿನ ಹುಣ್ಣಿಮೆ ಅಲ್ವಾ ಅತ್ತೆ? ಗ್ರೀಸಲ್ಲಿ ಟೈಮ್ ಬೇರೆ.”

ಗೆದ್ದೆ ಅಂದುಕೊಂಡೆ. ನನ್ನ ಗಂಡನಿಗೆ ಬೆಂಗಳೂರು, ಲಂಡನ್, ಸಿಂಗಪುರದ ಮೀಟಿಂಗುಗಳನ್ನು ಹೊಂದಿಸುವುದೇ ಉದ್ಯೋಗ ಎನ್ನುವುದನ್ನು ಮರೆತಿದ್ದೆ. ಅವನು ಲ್ಯಾಪ್‌ಟಾಪ್ ತೆಗೆದ. ಇಷ್ಟು ಸಂತೋಷದಿಂದ ಅವನು ಆ ಟ್ರಿಪ್ಪಿಗಾಗಿ ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

“ಮೈಸೂರಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಹುಣ್ಣಿಮೆ ಇದೆಯಮ್ಮ. ಅಂದ್ರೆ ಅಲ್ಲಿ ಆರೂವರೆ. ಸೂರ್ಯ ಹುಟ್ಟಿದ ತಕ್ಷಣ ಮುಳುಗಿಬಿಟ್ರೆ ಸರಿಹೋಗುತ್ತೆ.”

“ನೋಡು, ಓದಿಸಿದ್ದು ಸಾರ್ಥಕ ಆಯ್ತು,” ಎಂದರು ಅತ್ತೆ ನನಗೆ.

ಟಿಕೆಟ್ ಬದಲಾಯಿತು. ಆಮೇಲೆ, ಹೋಟೆಲುಗಳೆಲ್ಲ ಆ ವಾರಕ್ಕೇ ಯಾಕೆ ತುಂಬಿವೆ ಎಂದು ಹುಡುಕಿದಾಗ ತಿಳಿಯಿತು: ಆ ಬೀಚಿನಲ್ಲಿ ಹುಣ್ಣಿಮೆಗೆ ದೊಡ್ಡ ಪಾರ್ಟಿ. ರಾತ್ರಿಯಿಡೀ. ಸೂರ್ಯ ಹುಟ್ಟುವವರೆಗೆ.

“ಅವರದು ಮುಗಿಯೋ ಹೊತ್ತಿಗೆ ಅಮ್ಮಂದು ಶುರು,” ಎಂದ ಗಂಡ ಮೆಲ್ಲಗೆ. ನಾವು ಬೆಡ್‌ರೂಮಿನಲ್ಲಿದ್ದೆವು, ಆದ್ದರಿಂದ ಅವನನ್ನು ಏಕವಚನದಲ್ಲೇ ಬೈದೆ.

ಮಗಳು ಆ ಪಾರ್ಟಿಯ ವಿಡಿಯೋವನ್ನು ಅಜ್ಜಿಗೆ ತೋರಿಸಿಬಿಟ್ಟಳು. ನಾನು ಅಡುಗೆಮನೆಯಲ್ಲಿ ಒಗ್ಗರಣೆ ನಿಲ್ಲಿಸಿ ಕಿವಿಗೊಟ್ಟೆ. ಇನ್ನು ಅತ್ತೆ ಬರುವುದಿಲ್ಲ ಎಂಬ ಆಸೆ ಅರ್ಧ. ಸೊಸೆ ಎಂಥ ಕಡೆ ಹೊರಟಿದ್ದಾಳೆ ಎಂದು ಗೊತ್ತಾಯಿತಲ್ಲ ಎಂಬ ಭಯ ಇನ್ನರ್ಧ.

“ಇಷ್ಟೊಂದು ಜನ ಹುಣ್ಣಿಮೇಗೆ ಬರ್ತಾರಾ?” ಅತ್ತೆಯ ದನಿ.

“ಯಾ ಲಾ ಅಜ್ಜಿ, ವೆರಿ ಫೇಮಸ್,” ಎಂದಳು ಮಗಳು ತನ್ನ ಸಿಂಗಪುರದ ಇಂಗ್ಲಿಷಿನಲ್ಲಿ.

“ಪರವಾಗಿಲ್ಲ, ಅವರಿಗೂ ತಿಥಿ ಗೊತ್ತಿದೆ.” ಹಾಡಿನ ಮೇಲೆ ದನಿ ಏರಿಸಿದರು. “ಒದ್ದೆ ಬಟ್ಟೆ ಬದಲಾಯಿಸೋಕೆ ಮರೆ ಇದೆಯಾ ನೋಡು ಪುಟ್ಟಿ. ಇವರಿಗೇನೋ ಬೇಕಾಗಿಲ್ಲ. ಉಟ್ಟಿರೋದೇ ಅಷ್ಟು.”

ಅಲ್ಲಿಂದ ಮುಂದೆ ಪ್ಲಾನಿಂಗ್ ನನ್ನ ಕೈಯಲ್ಲಿ ಉಳಿಯಲಿಲ್ಲ, ಅಥವಾ ಉಳಿದರೂ ನಾನು ಬೇರೆಯವಳಾಗಿದ್ದೆ. ಲಂಚ್ ಅವರ್‌ನಲ್ಲಿ ಬೀಚಿನ ಫೋಟೋ ದೊಡ್ಡದು ಮಾಡಿಕೊಂಡು, ಕುಣಿಯುವವರ ಹಿಂದೆ ಎಲ್ಲಾದರೂ ಒಂದು ಗೋಡೆ ಇದೆಯೇ ಎಂದು ಹುಡುಕುತ್ತಿದ್ದೆ. ನೀರು ಎಲ್ಲಿ ಆಳವಿಲ್ಲ ಎಂದು ಓದುತ್ತಿದ್ದೆ. ಅಲೆಗಳ ನಡುವೆ ಒಂಬತ್ತು ಗಜದ ಸೀರೆ ತೇಲುವುದು ಕಣ್ಣಿಗೆ ಕಟ್ಟಿ, ಮೀಟಿಂಗಿನಲ್ಲಿ ನಗು ತಡೆಯಲು ಮೈಕ್ ಆಫ್ ಮಾಡಿದ್ದೆ. ಇದೆಲ್ಲ ಆಗಿನದೋ, ಅಥವಾ ಈಗ ಬರೆಯುವಾಗ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಳ್ಳುತ್ತಿದ್ದೇನೋ. ಯಾಕೆಂದರೆ ಅದೇ ವಾರ ಟ್ಯಾಂಪಿನೀಸ್‌ಗೆ ಹೋಗಿ, ಮನೆಯ ಹತ್ತಿರದ ಅಂಗಡಿಯಲ್ಲಾದರೆ ಯಾರಾದರೂ ನೋಡುತ್ತಾರೆಂದು ದ್ವೀಪದ ಇನ್ನೊಂದು ತುದಿಗೇ ಹೋಗಿ, ಒಂದು ಕೆಂಪು ಸ್ವಿಮ್‌ಸೂಟ್ ಕೊಂಡಿದ್ದೆ. ಒಂದು ಸಲ ನೆನೆಸಿ ತೆಗೆಯೋಣ ಎಂದು ಬಕೆಟ್ಟಿಗೆ ಹಾಕಿ, ಆಫೀಸಿನಿಂದ ಫೋನ್ ಬಂದು ಮರೆತೆ.

ಮರುದಿನ ಸಂಜೆ ಕೆಲಸ ಮುಗಿಸಿ ಬರುತ್ತ ಬ್ಲಾಕಿನ ಕೆಳಗಿಂದ ತಲೆಯೆತ್ತಿದೆ. ನಮ್ಮ ಅಡುಗೆಮನೆ ಕಿಟಕಿಯಿಂದ ಹೊರಚಾಚಿದ ಬಿದಿರಿನ ಗಳದಲ್ಲಿ, ಗಂಡನ ಪಂಚೆಗೂ ಮಗಳ ಯೂನಿಫಾರ್ಮಿಗೂ ನಡುವೆ, ಎರಡು ಕ್ಲಿಪ್ ಹಾಕಿಸಿಕೊಂಡು ಅದು ಹಾರಾಡುತ್ತಿತ್ತು. ಹತ್ತನೇ ಮಹಡಿಯಲ್ಲಿ. ಇಡೀ ಚೋವಾ ಚು ಕಾಂಗ್‌ಗೆ ಕಾಣುವಂತೆ.

ಮೇಲೆ ಅತ್ತೆ ಹುರುಳಿಕಾಯಿ ಬಿಡಿಸುತ್ತಿದ್ದರು.

“ನಾನು ಬರಲ್ಲ ಕಣೇ. ಮೊಣಕಾಲು ಯಾಕೋ ಹಿಡ್ಕೊಂಡಿದೆ. ನೀವಿಬ್ರೇ ಹೋಗ್ಬನ್ನಿ.”

ನಮ್ಮ ಕಡೆ ಮೊದಲ ಸಲ ಬೇಡ ಅಂದರೆ ಅದು ಉತ್ತರವಲ್ಲ, ಮತ್ತೆ ಕರೆಯಬೇಕು. ಕರೆದೆ. ಹೋಟೆಲ್ ಬೀಚಿಗೆ ಅಂಟಿಕೊಂಡೇ ಇದೆ ಎಂದೆ. ಮರಳಲ್ಲಿ ಕಾಲು ಹೂತುಹೋಗುತ್ತೆ ಅಂದರು. ಕೈ ಹಿಡ್ಕೋತೀನಿ ಅತ್ತೆ ಎಂದೆ. ಅಷ್ಟು ಹೊತ್ತಿಗೆ ಬಾಯಿಮಾತಿಗೆ ಕರೆಯುತ್ತಿರಲಿಲ್ಲ. ಅದು ನನಗೇ ಆಶ್ಚರ್ಯವಾಗಿತ್ತು.

“ಬೇಡ. ನನ್ನ ಹೆಸರು ಹೇಳಿ ಒಂದು ಮುಳುಗು ಜಾಸ್ತಿ ಹಾಕು, ಸಾಕು. ಆರೂವರೆ ಒಳಗೆ.” ಹುರುಳಿಕಾಯಿಯ ನಾರು ಎಳೆದು ಪಕ್ಕಕ್ಕೆ ಹಾಕಿದರು. “ಆ ಕೆಂಪು ಬಟ್ಟೆ ಒಣಗಿದೆ, ತೆಗೆದಿಡು. ಒಳ್ಳೇ ಬಟ್ಟೆ. ಬಣ್ಣ ಬಿಡಲ್ಲ.”

ತಾರೀಖನ್ನು ಮತ್ತೆ ಬದಲಾಯಿಸುವ ಹಾಗಿರಲಿಲ್ಲ. ನಾವಿಬ್ಬರೇ ಹುಣ್ಣಿಮೆಗೆ ಹೋದೆವು. ನಾನು ಕುಣಿದೆನಂತೆ, ಗಂಡ ಹೇಳುತ್ತಾನೆ. ಅವನ ನೆನಪನ್ನು ನಾನು ಬೇರೆ ಯಾವ ವಿಷಯದಲ್ಲೂ ನಂಬುವುದಿಲ್ಲ. ಬೆಳಗಾಗುತ್ತ ಹಾಡು ನಿಲ್ಲುವ ಮೊದಲೇ ನೀರಿಗಿಳಿದು, ಮೂಗು ಹಿಡಿದು, ಮೂರು ಮುಳುಗು ನನಗೆ, ಒಂದು ಅತ್ತೆಗೆ ಹಾಕಿದೆ. ಪಕ್ಕದಲ್ಲಿದ್ದ ಯಾರೋ ಇಬ್ಬರು ಇದೂ ಒಂದು ಸ್ಟೆಪ್ ಎಂದು ತಿಳಿದು ಮೂಗು ಹಿಡಿದು ಮುಳುಗಿದರು. ನೀರು ತಣ್ಣಗಿತ್ತು.

ಬೇಡ ಅಂದ ಮರುದಿನವೇ ಅತ್ತೆ ಮಾರ್ಕೆಟ್ಟಿನಿಂದ ಇಡೀ ಬೂದುಗುಂಬಳಕಾಯಿಯೊಂದನ್ನು ಹೊತ್ತು ತಂದಿದ್ದರು. ಅದೇ ವಾರ ಮೊಣಕಾಲಿಗೆ ಎಣ್ಣೆ ಕಾಯಿಸಿ ಹಚ್ಚಿಕೊಂಡದ್ದನ್ನೂ ನೋಡಿದ್ದೇನೆ. ಅವರಿಗೆ ನಿಜವಾಗಿ ಕಾಲು ನೋಯುತ್ತಿತ್ತೇ, ಇಲ್ಲವೇ, ನನಗೆ ಗೊತ್ತಿಲ್ಲ.