ದೊಡ್ಡ ಸಿಸ್ಟರ್ ಒಡೆಯದ ಕಾಗದ

ಹೋದ ವಾರ ನಿಮ್ಮಲ್ಲಿ ಚಿಕ್ಕವನು ಅಕ್ಕನ ಹೆಸರಿಗೆ ಬಂದ ಲಕೋಟೆಯನ್ನು ಪರ್ರನೆ ಹರಿದ. ಇಬ್ಬರೂ ಜಗಳವಾಡಿ ಆಮೇಲೆ ನಕ್ಕಿರಿ. ನನಗೆ ಮಾತ್ರ ಆ ಸದ್ದಿಗೆ ದೊಡ್ಡ ಸಿಸ್ಟರ್ ನೆನಪಾದರು...

ಎಂಬತ್ತರ ದಶಕದಲ್ಲಿ ನಾನು ವಿಜಯನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ. ಮಾನಸಿಕ ಕಾಯಿಲೆಯ ಹೆಂಗಸರನ್ನು ಅಲ್ಲಿ ನೋಡಿಕೊಳ್ಳುತ್ತಿದ್ದರು. ನಿಮ್ಮ ತಾತ ತೀರಿಕೊಂಡು ವರ್ಷವಾಗಿತ್ತು. ನಿಮ್ಮ ಅಪ್ಪನಿಗೆ ನಾಲ್ಕು ವರ್ಷ. ಅತ್ತಿಗುಪ್ಪೆಯ ವಠಾರದಲ್ಲಿ ಯಾರ ಕಾಗದವನ್ನು ಯಾರು ಬೇಕಾದರೂ ಓದುತ್ತಿದ್ದರು. ಅದಕ್ಕೇ ಊರಿಗೆ ಕೆಲಸದ ಜಾಗದ ವಿಳಾಸ ಕೊಟ್ಟಿದ್ದೆ, ಬರೀ ಮನೆ ನಂಬರು ಮತ್ತು ರಸ್ತೆ. ದೊಡ್ಡ ಮನೆಯೊಂದರಲ್ಲಿ ಅಡುಗೆಗಿದ್ದೇನೆ ಎಂದು ಸುಳ್ಳು ಹೇಳಿದ್ದೆ. ಗಂಡುಮಕ್ಕಳಿಲ್ಲದ ಭಾವ, ನಿಮ್ಮ ತಾತನ ಅಣ್ಣ, ತಿಥಿಯ ದಿನವೇ ಹುಡುಗನನ್ನು ನಮಗೆ ಬಿಡು ಎಂದಿದ್ದರು. ನಿಜ ತಿಳಿದರೆ ಎತ್ತಿಕೊಂಡೇ ಹೋಗುತ್ತಾರೆಂದು ಹೆದರಿದ್ದೆ.

ನಮ್ಮ ಮೇಲಿನವರು ದೊಡ್ಡ ಸಿಸ್ಟರ್, ಅಲ್ಲಿನ ಮುಖ್ಯ ನರ್ಸು. ಒಳಗಿರುವವರಿಗೆ ಬಂದ ಕಾಗದಗಳನ್ನು ಅವರು ಮೊದಲು ಒಡೆದು ಓದುತ್ತಿದ್ದರು. ಇನ್ನು ಮನೆಗೆ ಕರೆದುಕೊಳ್ಳುವುದಿಲ್ಲ ಎಂದು ಬರೆದದ್ದಿದ್ದರೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕೆಲಸದವರಾದ ನಮ್ಮ ಕಾಗದ ಬಂದರೆ ಒಡೆಯದೆ ಮಗುಚಿಟ್ಟು, ತಮ್ಮ ಕೋಣೆಗೆ ಕರೆದು ಕೊಡುತ್ತಿದ್ದರು. ಅದನ್ನು ವಾರ್ಡಿನಲ್ಲಿ ಓದುವಂತಿರಲಿಲ್ಲ. ಕಿಟಕಿಯ ಬಳಿ ಒಬ್ಬ ಅಜ್ಜಿ ಬೆಳಗಿನಿಂದ ಅಂಚೆಯವನಿಗೆ ಕಾದು ಕೂರುತ್ತಿದ್ದರು. ಅವರಿಗೆ ಎಂದೂ ಏನೂ ಬರುತ್ತಿರಲಿಲ್ಲ.

ಒಂದು ದಿನ ಭಾವನ ಕಾಗದ ಬಂತು. ವಿಳಾಸದಲ್ಲಿ ನನ್ನ ಹೆಸರಿನ ಕೆಳಗೆ ‘ಹುಚ್ಚಾಸ್ಪತ್ರೆ’ ಎಂದು ದಪ್ಪಗೆ ಬರೆದಿದ್ದರು. ಯಾರಿಂದಲೋ ಅವರಿಗೆ ನಿಜ ತಿಳಿದುಬಿಟ್ಟಿತ್ತು. ಮೂರು ದಿನ ಅದನ್ನು ಒಡೆಯದೆ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡಿದೆ. ನಾಲ್ಕನೆಯ ದಿನ ದೊಡ್ಡ ಸಿಸ್ಟರ್ ಮುಂದೆ ಇಟ್ಟು, ನೀವೇ ಓದಿ ಎಂದು ಬೇಡಿಕೊಂಡೆ.

“ನಾನು ಒಡೆಯೋದು ಒಳಗಿರೋರ ಕಾಗದ ಕಣಮ್ಮ,” ಎಂದರು. “ನಿಂದೂ ಒಡೆದ್ರೆ ನಿನಗೂ ಒಂದು ಮಂಚ ಹಾಕಿಸ್ಬೇಕಾಗತ್ತೆ. ನೀನೇ ಓದು. ನಾನಿಲ್ಲೇ ಕೂತಿರ್ತೀನಿ.”

ಗಟ್ಟಿಯಾಗಿ ಓದಿದೆ. ಭಾನುವಾರ ಬಂದು ಹುಡುಗನನ್ನು ಕರೆದುಕೊಂಡು ಹೋಗುತ್ತೇನೆ ಎಂದಿತ್ತು. ದೊಡ್ಡ ಸಿಸ್ಟರ್, ಆ ದಿನ ಮಗುವನ್ನು ಇಲ್ಲಿಗೇ ಕರೆದುಕೊಂಡು ಬಾ ಎಂದರು. ಇಲ್ಲಿಗೇ?

ಭಾನುವಾರ ಭಾವ ಬಂದರು. ನಿಮ್ಮ ಅಪ್ಪ ಒಳಗೆ, ದೊಡ್ಡ ಸಿಸ್ಟರ್ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ. ದೊಡ್ಡ ಸಿಸ್ಟರ್ ಗೇಟನ್ನು ಅಗಲವಾಗಿ ತೆರೆದರು.

“ಮಗು ಒಳಗಿದಾನೆ. ಬಂದು ಕರ್ಕೊಂಡು ಹೋಗಿ.”

ನಾನು ಬಾಗಿಲ ಚಿಲಕ ಹಿಡಿದುಕೊಂಡೆ. ಭಾವ ಒಂದು ಕಾಲು ಮುಂದಿಟ್ಟರು. ಅಷ್ಟರಲ್ಲಿ ಕಿಟಕಿಯ ಸರಳಿನಿಂದ ಅಜ್ಜಿ ಕೈ ಹೊರಗೆ ಚಾಚಿ, “ನಂದು ತಂದ್ಯೇನಪ್ಪಾ? ಕೊಡಪ್ಪಾ,” ಎಂದರು. ಭಾವ ಕಾಲು ಹಿಂದಕ್ಕೆಳೆದುಕೊಂಡರು. ಮಗುವನ್ನು ಹೊರಗೆ ಕಳಿಸಿ ಎಂದರು. ನೀವೇ ಬನ್ನಿ, ಇಲ್ಲಿ ಯಾರೂ ಕಚ್ಚೋದಿಲ್ಲ ಎಂದರು ದೊಡ್ಡ ಸಿಸ್ಟರ್. ಭಾವ ಬಹಳ ಹೊತ್ತು ರಸ್ತೆಯಲ್ಲೇ ನಿಂತಿದ್ದರು... ಆಮೇಲೆ ಬಸ್‌ಸ್ಟಾಪಿನ ಕಡೆ ನಡೆದರು.

ಅವರು ಒಳಗೆ ಬಂದುಬಿಟ್ಟಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನು ದೊಡ್ಡ ಸಿಸ್ಟರನ್ನು ಎಂದೂ ಕೇಳಲಿಲ್ಲ. ಆಮೇಲೂ ಎಷ್ಟೋ ವರ್ಷ ಗೇಟಿನ ಸದ್ದಾದರೆ ಮಗುವನ್ನು ಹುಡುಕುತ್ತಿದ್ದೆ.

ಎರಡು ವರ್ಷದ ಹಿಂದೆ ದೊಡ್ಡ ಸಿಸ್ಟರ್ ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ತಿಂಗಳಾಗಿತ್ತು. ನಾನು ಅಳುವುದನ್ನು ಕಂಡು ನಿಮ್ಮ ಅಪ್ಪ, ಯಾರಮ್ಮ ಅವರು ಎಂದು ಕೇಳಿದ. ಕೆಲಸದಲ್ಲಿ ಜೊತೆಗಿದ್ದವರು ಎಂದಷ್ಟೇ ಹೇಳಿದೆ. ಅವನಿಗೆ ದೊಡ್ಡಪ್ಪನೆಂದರೆ ಇವತ್ತಿಗೂ ಪ್ರೀತಿ. ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಇದನ್ನು ನೀವೇ ಅವನಿಗೆ ಓದಿ ಹೇಳಿ.